ಅಕ್ಕನ ರಕ್ತಕ್ಕೆ ಗೊತ್ತಿದ್ದದ್ದು

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ಈಗಾಗಲೇ ಎರಡು ಸಲ ಶುರು ಮಾಡಿ, ಎರಡು ಸಲವೂ ಹರಿದು ಹಾಕಿದ್ದೇನೆ. (ಹರಿದು ಹಾಕಿದ್ದೇನೆ ಎಂಬುದು ಮಾತಿಗಷ್ಟೇ. ಕಂಪ್ಯೂಟರಿನಲ್ಲಿ ಹರಿಯುವುದಕ್ಕೆ ಏನಿದೆ? ಆದರೆ "ಡಿಲೀಟ್ ಒತ್ತಿದೆ" ಅಂದರೆ ಕಥೆಗಾರ ಕಷ್ಟಪಟ್ಟ ಹಾಗೆ ಕೇಳಿಸುವುದಿಲ್ಲ.)

ಮೊದಲನೆಯ ಕರಡಿನಲ್ಲಿ ನಾಯಕ ಒಂದು ಜೀವಕೋಶ. ಮೂಳೆಯೊಳಗಿನ ಮಜ್ಜೆಯಲ್ಲಿ ಹುಟ್ಟಿ, ರಕ್ತದಲ್ಲಿ ಅಲೆದು, ಎಲ್ಲೋ ಒಂದು ರೋಗಾಣುವಿನ ಗುರುತು ಹಿಡಿದು, ಅದಕ್ಕೆ ಅಂಟುವ ಪ್ರತಿಕಾಯಗಳನ್ನು ಉಗುಳುತ್ತ ಉಗುಳುತ್ತ ಸವೆದು ಹೋಗುವ ಒಂದು ಬಿ ಕೋಶ. ಉತ್ಸಾಹದಲ್ಲಿ ಅದಕ್ಕೆ ಮಾತು ಕೊಟ್ಟೆ. ಕೊಟ್ಟಿದ್ದೇ ತಡ, ಶಾಲೆಯ ನಾಟಕದಲ್ಲಿ ರಟ್ಟಿನ ಕಿರೀಟ ಹಾಕಿಕೊಂಡ ಹುಡುಗನ ಹಾಗೆ ಅದು ಸಭಿಕರ ಕಡೆ ತಿರುಗಿ "ನಾನೇ ನಿಮ್ಮ ರಕ್ಷಕ!" ಎಂದು ಕೂಗಿತು. ನಾಚಿಕೆಯಾಗಿ ನಿಲ್ಲಿಸಿದೆ.

ಎರಡನೆಯದರಲ್ಲಿ ದೇಹವೇ ಕೋಟೆ. ಬುರುಜು, ಕಾವಲು, ಕಹಳೆ. ಅರ್ಧ ಪುಟ ಆಗುವಷ್ಟರಲ್ಲಿ ಅಕ್ಕ ಅಡ್ಡ ಬಂದಳು.

"ಅವನಿಗೆ ಜ್ವರ ಏರುವಾಗ ನಾನು ಪಕ್ಕದಲ್ಲೇ ಇದ್ದೆ. ಕಹಳೆ ಗಿಹಳೆ ಏನೂ ಕೇಳಿಸಲಿಲ್ಲ," ಅಂದಳು. "ಕೆಮ್ಮು ಕೇಳಿಸ್ತು."

ಅಕ್ಕ ಎಂದರೆ ನನ್ನ ಅಕ್ಕನಲ್ಲ. ಈ ಕಥೆಯ ಹೆಂಗಸು. ವಯಸ್ಸು ಐವತ್ತೈದರ ಆಸುಪಾಸು. ಲಾಡ್ಜುಗಳ ಹಾಸಿಗೆಯ ಚಾದರ, ದಿಂಬಿನ ಚೀಲ ಒಗೆದು ಇಸ್ತ್ರಿ ಮಾಡಿ ಕೊಡುವ ಲಾಂಡ್ರಿ ನಡೆಸುವವಳು. ಅವಳಿಗೊಬ್ಬ ತಮ್ಮ, ಲಿಫ್ಟ್ ಮೆಕ್ಯಾನಿಕ್. ಕಥೆ ಇವರಿಬ್ಬರದು. ಕಥೆಗಾರನ ಮಾತನ್ನು ಪಾತ್ರಗಳು ತಲೆ ತಗ್ಗಿಸಿಕೊಂಡು ಕೇಳುತ್ತಿದ್ದ ಕಾಲ ಒಂದಿತ್ತಂತೆ. ಇವಳು ಮೊದಲ ಪುಟದಲ್ಲೇ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಾಳೆ.

"ಸರಿ, ಎಲ್ಲಿಂದ ಶುರು ಮಾಡಲಿ? ನೀವೇ ಹೇಳಿ."

"ಚುಚ್ಚುಮದ್ದಿನ ಕೋಣೆಯಿಂದ ಮಾಡಿ. ಅಲ್ಲಿ ಅವನು ನಗ್ತಾ ಇದ್ದ."

೨

ಮಕ್ಕಳಿಗೆ ಲಸಿಕೆ ಹಾಕುವ ಕೋಣೆ. ತಿಳಿಹಳದಿ ಗೋಡೆ, ಗೋಡೆಯ ಮೇಲೆ ಬಲೂನು ಹಿಡಿದ ಆನೆ, ಆನೆಯ ಸೊಂಡಿಲಿನ ಬಳಿ ಬಣ್ಣ ಎದ್ದುಹೋದ ಜಾಗ. ಬೆಂಚಿನ ಉದ್ದಕ್ಕೂ ತಾಯಂದಿರು, ತೊಡೆಗೊಂದರಂತೆ ಕೂಸುಗಳು. ಬೆಂಚು ಬಿಟ್ಟು ದೂರದ ಕಿಟಕಿಯ ಪಕ್ಕ, ಅಕ್ಕ ಬೇಕೆಂದೇ ಎಳೆದು ಹಾಕಿದ ಕುರ್ಚಿಯಲ್ಲಿ, ಮುಖಕ್ಕೆ ಮಾಸ್ಕ್ ಹಾಕಿಕೊಂಡು ತಮ್ಮ ಕೂತಿದ್ದ. ನಲವತ್ತೆಂಟು ವರ್ಷದ ಗಂಡಸು. ತಲೆಯ ಮೇಲೆ ಹೊಸದಾಗಿ ಹುಟ್ಟಿದ ಕೂದಲು ಅಲ್ಲಿದ್ದ ಕೂಸುಗಳ ತಲೆಯ ಹಾಗೆಯೇ ನವಿರಾಗಿತ್ತು.

ನರ್ಸ್ ಚೀಟಿ ನೋಡಿ ಕೂಗಿದಳು. ತಮ್ಮ ಎದ್ದು ನಿಂತ.

"ಮಗು ಎಲ್ಲಿ?"

"ನಾನೇ ಸಿಸ್ಟರ್, ಮಗು. ಆರು ತಿಂಗಳು ತುಂಬಿದೆ. ಹಲ್ಲೆಲ್ಲ ಬಂದಿವೆ."

ಬೆಂಚಿನ ಮೇಲೆ ಯಾರೋ ಕಿಸಕ್ಕೆಂದರು. ನರ್ಸ್ ಮತ್ತೊಮ್ಮೆ ಚೀಟಿ ಓದಿದಳು. ಓದಿ ಮುಗಿಸುವಷ್ಟರಲ್ಲಿ ಅವಳ ದನಿ ಬದಲಾಯಿತು. "ಬನ್ನಿ ಸರ್, ನಿಧಾನವಾಗಿ ಬನ್ನಿ," ಅಂದಳು. ಆ ಮೆತ್ತನೆಯ ದನಿ ಅಕ್ಕನಿಗೆ ಹಿಡಿಸಲಿಲ್ಲ. ಅವಳಿಗೆ ಒರಟಾಗಿ ಮಾತಾಡುವ ನರ್ಸುಗಳೇ ವಾಸಿ. ಅವರು ಒರಟಾಗಿದ್ದಾರೆ ಎಂದರೆ ಗಾಬರಿಪಡುವಂಥದ್ದೇನಿಲ್ಲ ಎಂದರ್ಥ.

ತಮ್ಮನಿಗೆ ರಕ್ತದ ಕ್ಯಾನ್ಸರ್ ಆಗಿತ್ತು. ಆರು ತಿಂಗಳ ಹಿಂದೆ ಔಷಧಿ ಹಾಕಿ ಮೂಳೆಯೊಳಗಿನ ಮಜ್ಜೆಯನ್ನು ಪೂರ್ತಿ ಸುಟ್ಟು, ಅಲ್ಲಿ ಅಕ್ಕನ ಮಜ್ಜೆಯ ಕೋಶಗಳನ್ನು ಬಿತ್ತಿದ್ದರು. ರೋಗದ ಜೊತೆಗೆ ಇನ್ನೊಂದೂ ಸುಟ್ಟುಹೋಗಿತ್ತು. ಅದನ್ನು ಡಾಕ್ಟರಮ್ಮ ಹೀಗೆ ಹೇಳಿದ್ದರು: "ನಮಗೆ ಚಿಕ್ಕಂದಿನಲ್ಲಿ ಬಂದ ಕಾಯಿಲೆ, ಹಾಕಿಸಿಕೊಂಡ ಲಸಿಕೆ, ಎಲ್ಲದರ ಗುರುತು ಇಟ್ಟುಕೊಂಡಿರೋ ಕೋಶಗಳು ಮಜ್ಜೆಯಲ್ಲಿ ಬೀಡುಬಿಟ್ಟಿರ್ತವೆ. ವರ್ಷಗಟ್ಟಲೆ ಕೂತು ಪ್ರತಿಕಾಯ ಮಾಡ್ತಾನೇ ಇರ್ತವೆ, ನಮಗೆ ಗೊತ್ತೇ ಆಗಲ್ಲ. ಇವರಲ್ಲಿ ಈಗ ಅವು ಇಲ್ಲ. ನಿನ್ನೆ ಹುಟ್ಟಿದ ಮಗುವಿನ ಹಾಗೆ ಮೊದಲಿಂದ ಕಲೀಬೇಕು."

ಸೂಜಿ ಹೊಕ್ಕಾಗ ತಮ್ಮ ಕೂಸುಗಳ ಕಡೆ ನೋಡಿ ತುಟಿ ಸೊಟ್ಟ ಮಾಡಿದ. ಮಾಸ್ಕಿನೊಳಗೆ ಮಾಡಿದ್ದರಿಂದ ಅದು ಯಾರಿಗೂ ಕಾಣಲಿಲ್ಲ. ಅಕ್ಕನಿಗೆ ಕಂಡಿತು. ಕಣ್ಣಿನಲ್ಲೇ ಗೊತ್ತಾಗುತ್ತಿತ್ತು.

೩

(ಓದುಗರೇ, ಇಲ್ಲಿ ಫ್ಲ್ಯಾಶ್‌ಬ್ಯಾಕ್. ಬೇರೆ ದಾರಿಯಿಲ್ಲ. ಬೇಗ ಮುಗಿಸುತ್ತೇನೆ.)

ಈ ಅಕ್ಕ ತಮ್ಮ ಆರು ವರ್ಷ ಮಾತು ಬಿಟ್ಟಿದ್ದರು.

ಅಕ್ಕನ ಗಂಡ ಲಾಂಡ್ರಿಯಲ್ಲೇ, ಚಾದರ ಮಡಿಸುತ್ತಿದ್ದಾಗ, ಎದೆ ಹಿಡಿದುಕೊಂಡು ಕುಸಿದು ಹೋದ. ಅವಳು ಮೊದಲು ಫೋನ್ ಮಾಡಿದ್ದು ತಮ್ಮನಿಗೆ. ಸ್ವಿಚ್ ಆಫ್. ಮತ್ತೆ ಮಾಡಿದಳು, ಸ್ವಿಚ್ ಆಫ್. ತಮ್ಮ ಬಂದದ್ದು ಎಲ್ಲ ಮುಗಿದು, ಬಂದವರು ಚಪ್ಪಲಿ ಹುಡುಕುತ್ತಿದ್ದ ಹೊತ್ತಿಗೆ. ಮೊಣಕೈವರೆಗೂ ಗ್ರೀಸು. ಯಾವುದೋ ಆಫೀಸಿನ ಲಿಫ್ಟಿನಲ್ಲಿ ಜನ ಸಿಕ್ಕಿಹಾಕಿಕೊಂಡಿದ್ದರು, ಕೆಲಸ ಮುಗಿಯುವವರೆಗೆ ಫೋನು ಆರಿಸಿಟ್ಟಿದ್ದೆ, ಅರ್ಧಕ್ಕೆ ಬಿಟ್ಟು ಬರಲಾಗಲಿಲ್ಲ ಎಂದ.

"ಗುರುತು ಪರಿಚಯ ಇಲ್ಲದೋರಿಗೆ ಬಾಗಿಲು ತೆಗೀತಾ ಇದ್ದೆಯಾ? ಹೋಗು, ಅಲ್ಲೇ ಇರು," ಅಂದಳು ಅಕ್ಕ, ಹತ್ತು ಜನರ ಎದುರಿಗೆ. "ಈ ಮನೆ ಬಾಗಿಲು ಮಾತ್ರ ಇನ್ನು ಮುಟ್ಟಬೇಡ."

ಅವನು ಮುಟ್ಟಲಿಲ್ಲ. ಅಷ್ಟೇ. ಇಂಥ ಜಗಳಗಳಿಗೆ ದೊಡ್ಡ ಕಾರಣ ಹುಡುಕಲು ನಾನು ಸಾಕಷ್ಟು ತಡಕಾಡಿದೆ. ಸಿಗಲಿಲ್ಲ. ಒಬ್ಬರು ಸೋತು ಫೋನ್ ಮಾಡಬೇಕಿತ್ತು, ಇಬ್ಬರೂ ಮಾಡಲಿಲ್ಲ. ದಿನ ಕಳೆದಷ್ಟೂ ಮಾಡುವುದು ಇನ್ನೂ ಕಷ್ಟವಾಯಿತು.

ಆಮೇಲೆ ಒಂದು ದಿನ ಆಸ್ಪತ್ರೆಯಿಂದ ಫೋನ್ ಬಂತು. ತಮ್ಮನಿಗೆ ಹೀಗಾಗಿದೆ, ಮದುವೆ ಮಕ್ಕಳು ಇಲ್ಲ, ಒಡಹುಟ್ಟಿದವರು ನೀವೊಬ್ಬರೇ, ರಕ್ತ ಹೊಂದುತ್ತದೋ ಎಂದು ಪರೀಕ್ಷೆ ಮಾಡಬಹುದೇ? ಅಕ್ಕ ಇಸ್ತ್ರಿಪೆಟ್ಟಿಗೆಯ ಸ್ವಿಚ್ ಆರಿಸಿ, ಇದ್ದ ಬಟ್ಟೆಯಲ್ಲೇ ಹೊರಟಳು.

ಪರೀಕ್ಷೆಯಲ್ಲಿ ಹೊಂದಿತು. ಪೂರ್ತಿ ಹೊಂದಿತು. "ಹೀಗೆ ಸಿಗೋದು ಪುಣ್ಯ," ಅಂದರು ಡಾಕ್ಟರಮ್ಮ.

ಕೋಶಗಳು ಮಜ್ಜೆಯಿಂದ ರಕ್ತಕ್ಕೆ ಇಳಿಯಲೆಂದು ಅವಳಿಗೆ ದಿನಾ ಇಂಜೆಕ್ಷನ್ ಕೊಟ್ಟರು. ಒದ್ದೆ ಚಾದರವನ್ನು ಹಿಂಡಿದ ಹಾಗೆ ಯಾರೋ ಒಳಗಿಂದ ಮೂಳೆ ಹಿಂಡುತ್ತಿದ್ದಾರೆ ಅನಿಸಿತು. ಆಮೇಲೆ ಒಂದು ಕೈಯಿಂದ ರಕ್ತ ತೆಗೆದು, ಯಂತ್ರದಲ್ಲಿ ಸೋಸಿ, ಇನ್ನೊಂದು ಕೈಗೆ ವಾಪಸು ಬಿಟ್ಟರು. ಸೋಸಿ ಉಳಿದದ್ದು ಒಂದು ಸಣ್ಣ ಚೀಲ. ಅಷ್ಟು ನೋವು ತಿಂದದ್ದು ಇಷ್ಟಕ್ಕಾ ಅನ್ನಿಸುವಷ್ಟು ಸಣ್ಣದು.

ಮಾರನೆಯ ದಿನ ಗಾಜಿನ ಆಚೆ ತಮ್ಮ, ಈಚೆ ಅಕ್ಕ. ನಡುವೆ ಒಂದು ಇಂಟರ್‌ಕಾಮ್.

"ನೋವಾಯ್ತಾ?" ಎಂದ ಅವನು. ಆರು ವರ್ಷದ ಮೇಲೆ ಆಡಿದ ಮೊದಲ ಮಾತು.

"ನಿನಗ್ಯಾಕೆ ಅದು. ಮಲಕ್ಕೋ," ಅಂದಳು.

೪

ಡಿಸ್ಚಾರ್ಜ್ ಆದ ಮೇಲೆ ತಮ್ಮ ಅಕ್ಕನ ಮನೆಗೇ ಬಂದ. ಆಸ್ಪತ್ರೆಗೆ ಹತ್ತಿರ ಎಂಬುದು ನೆಪ. ಹಳೆಯ ಆರು ಮಹಡಿ ಕಟ್ಟಡ. ನೆಲಮಾಳಿಗೆಯಲ್ಲಿ ಲಾಂಡ್ರಿ, ಎರಡನೇ ಮಹಡಿಯಲ್ಲಿ ಅಕ್ಕನ ಎರಡು ಕೋಣೆಯ ಮನೆ. ಒಳಕೋಣೆಯ ಪರದೆ, ರಗ್ಗು, ಗಂಡನ ಕಾಲದ ಹಳೆ ಸೋಫಾ, ಎಲ್ಲ ಹೊರಗೆ ಹೋದವು. ದಿನಕ್ಕೆರಡು ಸಲ ಫಿನಾಯಿಲ್. ಚಾದರ ಕುದಿಯುವ ನೀರಿನಲ್ಲಿ. ಹೂವಿನ ಕುಂಡ ಬೇಡ, ಹಸಿ ತರಕಾರಿ ಬೇಡ, ಬಂದು ಹೋಗುವವರು ಬೇಡವೇ ಬೇಡ.

ಮೊದಮೊದಲು ಇಬ್ಬರೂ ಲಾಡ್ಜಿನಲ್ಲಿ ಅಕ್ಕಪಕ್ಕದ ರೂಮು ಹಿಡಿದವರ ಹಾಗೆ ಮಾತಾಡುತ್ತಿದ್ದರು. ಮಾತ್ರೆ ತಗೊಂಡ್ಯಾ. ತಗೊಂಡೆ. ನೀರು ಬಿಸಿ ಇದೆಯಾ. ಇದೆ. ಒಂದು ದಿನ ಅವನು ಒಂದು ರಿಪೋರ್ಟ್ ಹಿಡಿದುಕೊಂಡು ಅಡುಗೆಮನೆಯ ಬಾಗಿಲಿಗೆ ಬಂದ.

"ಅಕ್ಕಾ, ಇಲ್ಲಿ ನೋಡು. ನನ್ನ ರಕ್ತ ಹೆಂಗಸಿನದಂತೆ."

"ಏನೋ ಅದು?"

"ರಕ್ತದಲ್ಲಿರೋ ಕೋಶ ಎಲ್ಲಾ ನಿನ್ನದೇ. ರಕ್ತದ ಗುಂಪೂ ನಿನ್ನದೇ. ಲೆಕ್ಕದ ಪ್ರಕಾರ ಈಗ ನಾನು ನಿನ್ನ ತಂಗಿ."

ಅಕ್ಕ ಸೌಟು ಹಿಡಿದುಕೊಂಡೇ ನಕ್ಕಳು. ನಿಲ್ಲಿಸಲಾಗದೆ ಗೋಡೆಗೆ ಒರಗಿ ನಕ್ಕಳು. ಅಷ್ಟು ನಕ್ಕಿದ್ದಕ್ಕೆ ಆಮೇಲೆ ಅವಳಿಗೇ ಭಯವಾಯಿತು.

೫

(ಈ ಭಾಗದಲ್ಲಿ ನನಗೂ ಅಕ್ಕನಿಗೂ ಸರಿಯಾಗಿಯೇ ಹತ್ತಿಕೊಂಡಿತು.)

ಮೂರನೇ ತಿಂಗಳಲ್ಲಿ ತಮ್ಮನ ಅಂಗೈ ಕೆಂಪಾಯಿತು. ಆಮೇಲೆ ಬೆನ್ನು. ಆಮೇಲೆ ಮೈಯೆಲ್ಲ ಬಿಸಿಲಿಗೆ ಸುಟ್ಟಂತೆ ಸಿಪ್ಪೆ ಏಳತೊಡಗಿತು, ತಿಂದದ್ದು ಹೊಟ್ಟೆಯಲ್ಲಿ ನಿಲ್ಲದಾಯಿತು. ಡಾಕ್ಟರಮ್ಮ ನೋಡಿದ ತಕ್ಷಣ ಹೇಳಿದರು: "ನಿಮ್ಮ ಕೋಶಗಳಿಗೆ ಇವರ ಮೈ ಹೊರಗಿನದು ಅನ್ನಿಸ್ತಾ ಇದೆ. ಅವು ಇವರ ಮೇಲೇ ಬೀಳ್ತಾ ಇವೆ. ಹೀಗಾಗೋದುಂಟು."

ಅಕ್ಕನ ಮುಖ ಸಣ್ಣದಾಯಿತು. "ನಾನು ಬಯ್ದಿದ್ದಕ್ಕಾ?" ಅಂದಳು.

"ಏನಮ್ಮಾ?"

"ಏನಿಲ್ಲ ಬಿಡಿ."

ಇಲ್ಲಿ ನಾನು ಒಂದು ಪ್ಯಾರಾ ಬರೆದಿದ್ದೆ. ಆರು ವರ್ಷದ ಸಿಟ್ಟು ರಕ್ತದಲ್ಲಿ ಹೆಪ್ಪುಗಟ್ಟಿ, ತಮ್ಮನ ಮೈಯೊಳಗೆ ಹೊಕ್ಕು, ಅಲ್ಲಿ ಜಗಳ ಮುಂದುವರಿಸಿತು ಎಂದು. ಚೆನ್ನಾಗಿ ಬಂದಿತ್ತು. ಎರಡು ಸಲ ಗಟ್ಟಿಯಾಗಿ ಓದಿಕೊಂಡು ಖುಷಿಪಟ್ಟಿದ್ದೆ ಕೂಡ.

"ತೆಗೀರಿ ಅದನ್ನ," ಅಂದಳು ಅಕ್ಕ.

"ಯಾಕೆ? ನಿಮಗೇ ಹಾಗೆ ಅನ್ನಿಸಿತ್ತಲ್ಲ."

"ನನಗೆ ಅನ್ನಿಸಿದ್ದು ಬೇರೆ. ನಾನು ರಾತ್ರಿಯೆಲ್ಲ ಕೂತು ಅವನ ಬೆನ್ನಿಗೆ ಮುಲಾಮು ಹಚ್ಚಿದೀನಿ. ನೀವು ಕುರ್ಚಿ ಮೇಲೆ ಕೂತು ಚೆಂದ ಮಾಡ್ತಾ ಇದೀರಿ."

ತೆಗೆದಿದ್ದೇನೆ.

ಆ ಕೋಶಗಳನ್ನು ಸುಮ್ಮನಾಗಿಸಲು ಔಷಧಿ ಕೊಟ್ಟರು. ಔಷಧಿ ನಾಟಿತು, ಚರ್ಮ ತಣ್ಣಗಾಯಿತು. ಆದರೆ ಅದು ಒಂದನ್ನು ಬಿಟ್ಟು ಒಂದನ್ನು ಸುಮ್ಮನಾಗಿಸುವ ಔಷಧಿಯಲ್ಲ. ಕೆಡುಕು ಮಾಡುವ ಕೋಶವೂ ಮಂಕಾಯಿತು, ಕಲಿಯಬೇಕಿದ್ದ ಕೋಶವೂ ಮಂಕಾಯಿತು. ಲಸಿಕೆಗಳೇನೋ ಆರನೇ ತಿಂಗಳಿಂದ ಶುರುವಾದವು (ಬಲೂನು ಹಿಡಿದ ಆನೆಯ ಕೋಣೆ ಇದೇ). ಕೆಲವು ವಾರ ಬಿಟ್ಟು, ಪ್ರತಿಕಾಯ ಎಷ್ಟು ಹುಟ್ಟಿದೆ ಎಂದು ರಕ್ತ ನೋಡಿದರು. ಇಲ್ಲವೆನ್ನುವಷ್ಟು ಕಡಿಮೆ.

"ಪಾಠ ಹತ್ತಲಿಲ್ಲ ಅನ್ನಿ," ಎಂದ ತಮ್ಮ.

"ಹತ್ತುತ್ತೆ. ನಿಧಾನ," ಅಂದರು ಡಾಕ್ಟರಮ್ಮ. ಅಲ್ಲಿಯವರೆಗೆ ತಿಂಗಳಿಗೊಂದು ಸಲ ಬಾಟಲಿಯಲ್ಲಿ ಬೇರೆಯವರ ಪ್ರತಿಕಾಯ. ಸಾವಿರಾರು ಜನ ಕೊಟ್ಟ ರಕ್ತದಿಂದ ಬೇರ್ಪಡಿಸಿದ್ದು. ಹನಿ ಹನಿಯಾಗಿ ನರಕ್ಕೆ ಇಳಿಯುವ ಆ ಬಾಟಲಿಯನ್ನು ತಮ್ಮ "ಬಾಡಿಗೆ ಸೈನ್ಯ" ಎನ್ನುತ್ತಿದ್ದ. (ನೋಡಿ, ಸೈನ್ಯ ಎಂದಿದ್ದು ಅವನು. ನಾನಲ್ಲ. ಅಕ್ಕ ಅವನಿಗೇನೂ ಅನ್ನಲಿಲ್ಲ.)

ಅಕ್ಕ ಡಾಕ್ಟರಮ್ಮನನ್ನು ಕೇಳಿದಳು: "ಈ ಪ್ರತಿಕಾಯ ಅನ್ನೋದು ಕ್ರಿಮೀನ ಕೊಲ್ಲುತ್ತಾ?"

"ಎಲ್ಲಾ ಸಲ ಅಲ್ಲ. ಕೆಲವು ಕ್ರಿಮಿಗಳ ಮೈ ಮೇಲೆ ಜಾರೋ ಪೊರೆ ಇರುತ್ತೆ. ತಿಂದು ಹಾಕೋ ಕೋಶಗಳು ಹಿಡಿಯೋಕೆ ಹೋದರೆ ಕೈಗೆ ಸಿಗಲ್ಲ. ಪ್ರತಿಕಾಯ ಹೋಗಿ ಅದಕ್ಕೆ ಅಂಟಿಕೊಂಡರೆ ಹಿಡಿಕೆ ಸಿಕ್ಕಿದ ಹಾಗೆ."

ಅಕ್ಕ ತಲೆಯಾಡಿಸಿದಳು. ಒದ್ದೆ ಸ್ಯಾಟಿನ್ ಹೊದಿಕೆಗಳನ್ನು ತಂತಿಗೆ ಹಾಕಿ ಅವಳಿಗೆ ಗೊತ್ತಿತ್ತು. ಕ್ಲಿಪ್ ಇಲ್ಲದಿದ್ದರೆ ಒಂದೂ ನಿಲ್ಲುವುದಿಲ್ಲ.

೬

ಈಗ ಬರುವುದು ಬಾಗಿಲು ತಟ್ಟುವ ಪ್ರಸಂಗ. ಇದನ್ನು ನಾನು ಎರಡು ರೀತಿ ಬರೆದಿದ್ದೇನೆ.

ಮಧ್ಯಾಹ್ನ. ತಮ್ಮ ಒಳಕೋಣೆಯಲ್ಲಿ ಅಡ್ಡಾಗಿದ್ದ. ಆ ತಿಂಗಳ ಬಾಟಲಿ ಆಸ್ಪತ್ರೆಗೆ ಬಂದಿರಲಿಲ್ಲ, ಎಲ್ಲ ಕಡೆ ಕೊರತೆ, ಇವತ್ತು ನಾಳೆ ಎನ್ನುತ್ತಿದ್ದರು. ಬಾಗಿಲು ಬಡಿದ ಸದ್ದು. ಅಕ್ಕ ತೆಗೆದರೆ ಕಟ್ಟಡದ ವಾಚ್‌ಮನ್, ಏದುಸಿರು ಬಿಡುತ್ತ.

"ಅಮ್ಮಾ, ಲಿಫ್ಟ್ ಮೂರು ನಾಕರ ನಡುವೆ ನಿಂತುಬಿಟ್ಟಿದೆ. ಒಳಗೆ ತಾಯಿ ಮಗಳು. ಕಂಪನಿಯೋರು ಬರೋದು ಎರಡು ಗಂಟೆ ಆಗುತ್ತಂತೆ. ಮಗು ಕೆಮ್ಮಿ ಕೆಮ್ಮಿ ಸಾಕಾಗಿದೆ, ತಾಯಿ ಬಾಗಿಲು ಗುದ್ದುತಾ ಇದಾಳೆ. ನಿಮ್ಮ ತಮ್ಮ ಮನೇಲಿದಾರಾ?"

ಮೊದಲ ರೀತಿಯಲ್ಲಿ ಅಕ್ಕ "ಇಲ್ಲ" ಎನ್ನುತ್ತಾಳೆ. ಬಾಗಿಲು ಮುಚ್ಚುತ್ತಾಳೆ. ಚಿಲಕ ಹಾಕುತ್ತಾಳೆ. ಎರಡು ಗಂಟೆ ಕಳೆದು ಕಂಪನಿಯವರು ಬಂದು ತಾಯಿ ಮಗಳನ್ನು ಇಳಿಸುತ್ತಾರೆ, ಏನೂ ಆಗಿರುವುದಿಲ್ಲ. ತಮ್ಮ ನಿದ್ದೆಯಿಂದೆದ್ದು "ಏನು ಗಲಾಟೆ ಅದು?" ಎನ್ನುತ್ತಾನೆ. "ಏನಿಲ್ಲ" ಎನ್ನುತ್ತಾಳೆ ಅಕ್ಕ. ಅದನ್ನು ಬರೆದು ಅವಳ ಮುಂದಿಟ್ಟೆ. ಬಹಳ ಹೊತ್ತು ನೋಡಿದಳು.

"ಚೆನ್ನಾಗಿದೆ," ಅಂದಳು. "ಆದರೆ ಆ ಹೆಂಗಸು ಗುದ್ದುತಾ ಇದ್ದಿದ್ದು ನನ್ನ ಮನೆವರೆಗೂ ಕೇಳಿಸ್ತಾ ಇತ್ತು. ಅದನ್ನ ನೀವು ಬರೆದಿಲ್ಲ."

ಆದದ್ದು ಎರಡನೆಯ ರೀತಿ. "ಇದಾನೆ," ಅಂದಳು ಅಕ್ಕ. ಅನ್ನುವ ಹೊತ್ತಿಗೆ ಅವನೇ ಎದ್ದು ಬಂದು ಹಿಂದೆ ನಿಂತಿದ್ದ, ಮಾಸ್ಕ್ ಕಟ್ಟಿಕೊಳ್ಳುತ್ತ. "ನೀನು ಹೇಳಿಕೊಟ್ಟರೆ ಸಾಕು, ವಾಚ್‌ಮನ್ ಮಾಡ್ತಾನೆ," ಎಂದಳು. "ಹ್ಞೂಂ," ಎಂದು ಅವನು ಹಳೆಯ ಟೂಲ್ ಬ್ಯಾಗು ಎತ್ತಿಕೊಂಡ. ಎತ್ತಲಾರದೆ ಅವಳ ಕೈಗೆ ಕೊಟ್ಟ.

ಮೂರನೇ ಮಹಡಿಯ ಲಿಫ್ಟ್ ಬಾಗಿಲಿಗೆ ಅವನು ಹಣೆ ಒತ್ತಿ ನಿಂತ. ಒಳಗೆ ಕಿರುಚಾಟ. ಮಾಸ್ಕಿನೊಳಗಿಂದ ಕೂಗಿದರೆ ಕೇಳಿಸಲಿಲ್ಲ. ಮಾಸ್ಕನ್ನು ಗದ್ದಕ್ಕೆ ಇಳಿಸಿದ.

"ಅಮ್ಮಾ, ನಾನು ಮೆಕ್ಯಾನಿಕ್. ಹೊರಗೆ ಇದೀನಿ. ಲಿಫ್ಟ್ ಬೀಳಲ್ಲ, ಬೀಳೋಕೆ ಆಗೋದೇ ಇಲ್ಲ. ಗಾಳಿ ಖಾಲಿ ಆಗಲ್ಲ. ಗೋಡೆಗೆ ಬೆನ್ನು ಕೊಟ್ಟು ಕೂತುಕೊಳ್ಳಿ. ಪುಟ್ಟೀ, ಅಮ್ಮನ ಕೈ ಹಿಡ್ಕೋ. ಬಾಗಿಲು ತೆಗೆಯೋವರೆಗೂ ನಾನು ಎಲ್ಲೂ ಹೋಗಲ್ಲ. ಕೇಳಿಸ್ತಾ? ಎಲ್ಲೂ ಹೋಗಲ್ಲ."

ಕಿರುಚಾಟ ನಿಂತಿತು. ಅಕ್ಕ ಟೂಲ್ ಬ್ಯಾಗನ್ನು ಎದೆಗೆ ಅವಚಿಕೊಂಡು ನಿಂತಿದ್ದಳು. ಗಂಡ ಹೋದ ದಿನ ಇವನ ಫೋನು ಯಾಕೆ ಆಫ್ ಆಗಿತ್ತು, ಇವನು ಯಾಕೆ ಬಿಟ್ಟು ಬರಲಿಲ್ಲ ಎಂಬುದನ್ನು ಅವಳಿಗೆ ಯಾರೂ ಹೇಳಬೇಕಾಗಲಿಲ್ಲ.

ಮೇಲಿಂದ ಲಿಫ್ಟ್ ಇಳಿಸ್ತೀನಿ ಎಂದು ಒಳಗಿದ್ದವರಿಗೆ ಹೇಳಿ, ಮೇಲಿನ ಮೋಟಾರ್ ರೂಮಿಗೆ ಅವನು ಮೆಟ್ಟಿಲು ಮೆಟ್ಟಿಲಿಗೂ ನಿಂತು ಹತ್ತಿದ. ಮೇನ್ ಸ್ವಿಚ್ ಆಫ್ ಮಾಡಿದ. ವಾಚ್‌ಮನ್‌ಗೆ ಬ್ರೇಕಿನ ಹಿಡಿ ತೋರಿಸಿ, ಅಕ್ಕನ ಕೈಯನ್ನು ಲಿಫ್ಟ್ ಇಳಿಸುವ ಚಕ್ರದ ಮೇಲೆ ಇಟ್ಟು, "ನಾನು ಹೇಳಿದಷ್ಟೇ ತಿರುಗಿಸು" ಎಂದ. ವರ್ಷಗಟ್ಟಲೆ ಒದ್ದೆ ಬಟ್ಟೆಯ ರಾಶಿ ಎತ್ತಿದ ತೋಳು ಅವಳದು. ಬೆರಳಷ್ಟು ಬೆರಳಷ್ಟೇ ಲಿಫ್ಟ್ ಇಳಿಯಿತು. ಕೆಳಗೆ ಬಂದು, ಕೀಲಿ ಹಾಕಿ ಬಾಗಿಲು ಸರಿಸಿದ. ನಾಲ್ಕೈದು ವರ್ಷದ ಹುಡುಗಿ ನೆಟ್ಟಗೆ ಬಂದು ಎದುರಿಗೆ ಬಗ್ಗಿ ನಿಂತಿದ್ದ ಅವನ ಕುತ್ತಿಗೆ ತಬ್ಬಿಕೊಂಡಳು. ತಬ್ಬಿಕೊಂಡೇ ಕೆಮ್ಮಿದಳು. ಮಾಸ್ಕ್ ಇನ್ನೂ ಗದ್ದದಲ್ಲೇ ಇತ್ತು. ಅಕ್ಕ ಓಡಿ ಬಂದು ಮಗುವನ್ನು ಬಿಡಿಸಿಕೊಂಡಳು. ಎಷ್ಟು ಒರಟಾಗಿ ಬಿಡಿಸಿಕೊಂಡಳೆಂದರೆ ಮಗು ಅತ್ತಿತು.

ವಾಪಸು ಇಳಿಯುವಾಗ ಅವನು ಮೆಟ್ಟಿಲ ಮೇಲೆ ಕುಳಿತ. ಅವಳೂ ಕುಳಿತಳು.

"ಆವತ್ತು ಲಿಫ್ಟಲ್ಲಿ ಎಷ್ಟು ಜನ ಇದ್ದರು?"

"ನಾಲ್ಕು. ಒಬ್ಬಳು ಬಸುರಿ."

"ಹೇಳಬಹುದಿತ್ತಲ್ಲೋ."

"ನೀನು ಬಯ್ಯೋದು ಮುಗಿಸಲಿ ಅಂತ ಕಾಯ್ತಾ ಇದ್ದೆ," ಎಂದ. "ಬೇಗ ಮುಗಿಸಲಿಲ್ಲ ನೀನು."

೭

ಕೆಲವೇ ದಿನದಲ್ಲಿ ಅವನಿಗೆ ಚಳಿ ಬಂತು. ಬೆಳಿಗ್ಗೆ ಚಳಿ, ಮಧ್ಯಾಹ್ನ ಜ್ವರ, ಸಂಜೆಯ ಹೊತ್ತಿಗೆ ಒಂದು ವಾಕ್ಯವನ್ನು ಮೂರು ಉಸಿರಿನಲ್ಲಿ ಹೇಳುತ್ತಿದ್ದ. ಆಸ್ಪತ್ರೆಯಲ್ಲಿ ಎದೆಯ ಎಕ್ಸ್‌ರೇ ತೆಗೆದರು. ಒಂದು ಪಕ್ಕ ಪೂರ್ತಿ ಬೆಳ್ಳಗಾಗಿತ್ತು. ನ್ಯುಮೋನಿಯಾ. ರಕ್ತಕ್ಕೂ ಹರಡಿತ್ತು.

"ಆ ಮಗುವಿಂದ ಬಂತಾ?" ಅಕ್ಕ ಡಾಕ್ಟರಮ್ಮನನ್ನು ಕಾರಿಡಾರಿನಲ್ಲಿ ಹಿಡಿದಳು.

"ಹೇಳೋಕಾಗಲ್ಲಮ್ಮ. ಈ ಬ್ಯಾಕ್ಟೀರಿಯಾ ಚೆನ್ನಾಗಿರೋರ ಗಂಟಲಲ್ಲೂ ಇರುತ್ತೆ. ನನ್ನಲ್ಲಿರಬಹುದು. ನಿಮ್ಮಲ್ಲೇ ಇರಬಹುದು."

"ನನ್ನಲ್ಲಾ?"

"ಇರಬಹುದು ಅಂದೆ. ಇದ್ದರೂ ನಿಮಗೇನೂ ಮಾಡಲ್ಲ. ನಿಮ್ಮ ಮೈಗೆ ಅದರ ಗುರುತು ಇದೆ."

ಅಕ್ಕ ಅವರ ತೋಳು ಬಿಡಲಿಲ್ಲ. "ಹಾಗಾದರೆ ಅವನ ಮೈಯಲ್ಲಿ ಇರೋದೂ ನನ್ನ ರಕ್ತನೇ ಅಲ್ವಾ ಡಾಕ್ಟ್ರೇ? ನನಗೆ ಗೊತ್ತಿರೋದು ಅದಕ್ಕೆ ಯಾಕೆ ಗೊತ್ತಿಲ್ಲ?"

ಡಾಕ್ಟರಮ್ಮ ಗೋಡೆಗೆ ಒರಗಿ ನಿಂತರು. ಅವರಿಗೂ ಸುಸ್ತಾಗಿತ್ತು. "ನಾವು ನಿಮ್ಮಿಂದ ತಗೊಂಡದ್ದು ಬೀಜ ಅಮ್ಮ. ಗುರುತಿರೋ ಕೋಶ ಒಂದಷ್ಟು ಜೊತೆಗೆ ಬಂದಿರ್ತವೆ, ಆದರೆ ಅವು ಹೆಚ್ಚು ದಿನ ನಿಲ್ಲಲ್ಲ. ಬೀಜದಿಂದ ಹುಟ್ಟಿದ್ದು ಎಲ್ಲಾ ಹೊಸದು. ಅದಕ್ಕೆ ನೀವು ಕಂಡಿದ್ದು ಯಾವುದೂ ಗೊತ್ತಿರಲ್ಲ."

"ಇನ್ನೊಂದು ಸಲ ತಗೊಳ್ಳಿ. ಈಗಲೇ ತಗೊಳ್ಳಿ. ಎರಡು ಕೈಯಿಂದಲೂ ತಗೊಳ್ಳಿ."

"ಅದರಿಂದ ಈಗ ಉಪಯೋಗ ಆಗಲ್ಲಮ್ಮ. ಅವರ ಕೋಶಗಳು ಈಗ ಕಲೀತಾ ಇವೆ. ಈ ಬ್ಯಾಕ್ಟೀರಿಯಾನ ಗುರುತು ಹಿಡಿದು, ಪ್ರತಿಕಾಯ ಮಾಡೋಕೆ ಒಂದು ವಾರನಾದರೂ ಬೇಕು. ಬ್ಯಾಕ್ಟೀರಿಯಾ ಅರ್ಧ ಗಂಟೆಗೆ ಎರಡರಷ್ಟು ಆಗುತ್ತೆ. ಬಾಟಲಿ ಹಾಕಿದೀವಿ, ಆಂಟಿಬಯಾಟಿಕ್ ಹಾಕಿದೀವಿ." ಅವರು ತೋಳು ಬಿಡಿಸಿಕೊಂಡು ಒಳಗೆ ಹೋದರು.

ತೀವ್ರ ನಿಗಾ ಘಟಕದಲ್ಲಿ ಅವನಿಗೆ ಮೂಗು ಬಾಯಿ ಮುಚ್ಚುವ ಮುಖವಾಡ ಹಾಕಿದ್ದರು. ಅವಳನ್ನು ನೋಡಿ ಅದನ್ನು ಸರಿಸಲು ಹೋದ. ಬೇಡ ಎಂದು ಅವಳು ಅವನ ಕೈ ಹಿಡಿದಳು. ಅಂಗೈಯಲ್ಲಿ ಹೊಸ ಚರ್ಮ, ಕೂಸಿನದರಂತೆ ಮೆದು. ಅವನು ಏನೋ ಹೇಳಿದ. ಮುಖವಾಡದೊಳಗೆ ಬರೀ ಹಬೆ ಕಂಡಿತು.

೮

ಅಂತ್ಯ ಒಂದು: ಕೋಶಗಳು ಕಲಿತುಬಿಡುತ್ತವೆ. ಎಂಟನೇ ದಿನ ಜ್ವರ ಇಳಿಯುತ್ತದೆ. ತಮ್ಮ ಕಣ್ಣು ಬಿಟ್ಟು "ಪಾಠ ಹತ್ತಿತು ಅಕ್ಕಾ" ಎನ್ನುತ್ತಾನೆ. ವೈದ್ಯಕೀಯವಾಗಿ ಅಸಾಧ್ಯವೇನಲ್ಲ. ನಾನು ವಿಚಾರಿಸಿದ್ದೇನೆ.

ಅಂತ್ಯ ಎರಡು: ಕಥೆಯನ್ನು ಮೆಟ್ಟಿಲ ಮೇಲೆ, ಇಬ್ಬರೂ ಕುಳಿತಲ್ಲಿಗೇ ನಿಲ್ಲಿಸುವುದು. ಜಾಣತನದ ಕೆಲಸ. ವಿಮರ್ಶಕರಿಗೆ ಇಷ್ಟವಾಗುತ್ತದೆ. ಓದುಗರು ಮುಂದೆ ಏನಾಯಿತೆಂದು ಊಹಿಸಿಕೊಳ್ಳುತ್ತಾರೆ, ನನ್ನ ಕೈಗೆ ಮಸಿ ಅಂಟುವುದಿಲ್ಲ.

ಅಂತ್ಯ ಮೂರು: ತಮ್ಮ ಕೊನೆಗೆ ಮುಖವಾಡದೊಳಗೆ ಏನು ಹೇಳಿದ ಎಂಬುದನ್ನು ನಾನು ಕಥೆಗಾರನ ಅಧಿಕಾರ ಬಳಸಿ ಕೇಳಿಸಿಕೊಂಡು ಬರೆಯುವುದು. "ನಿನ್ನ ತಪ್ಪಿಲ್ಲ ಅಕ್ಕಾ" ಎಂದೋ ಏನೋ.

ಮೂರನ್ನೂ ಅಕ್ಕನಿಗೆ ಓದಿ ಹೇಳಿದೆ. ಮೂರನೆಯದಕ್ಕೆ ಅವಳು ಎದ್ದು ನಿಂತಳು.

"ಅದು ನನಗೇ ಕೇಳಿಸಲಿಲ್ಲ. ನಿಮಗೆ ಹೇಗ್ರೀ ಕೇಳಿಸ್ತು?"

"ನಿಮಗೆ ಸಮಾಧಾನ ಆಗಲಿ ಅಂತ."

"ಅವನು ನೀರು ಕೇಳಿರಬಹುದು. ನಾನು ಕೊಡಲಿಲ್ಲ. ಅದನ್ನ ಬರೀರಿ, ಬರೆಯೋದಾದರೆ."

ಮುಖವಾಡ ಹಾಕಿದ ಮಾರನೆಯ ದಿನ ಮಧ್ಯಾಹ್ನ ತಮ್ಮ ತೀರಿಕೊಂಡ.

೯

ಕಥೆ ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ನನಗೂ ಸಾಕಾಗಿತ್ತು. ಆದರೆ ಅಕ್ಕನಿಗೆ ಜ್ವರ ಬಂತು.

ಅವನನ್ನು ಕಳಿಸಿಕೊಟ್ಟು ಮನೆಗೆ ಬಂದ ವಾರದೊಳಗೆ. ಮೊದಲು ಗಂಟಲು ಕೆರೆತ, ಆಮೇಲೆ ಕೆಮ್ಮು, ಆಮೇಲೆ ಚಳಿ. ಲಾಂಡ್ರಿಯ ಷಟರ್ ಎಳೆದು ಬಂದು, ಅವನು ಮಲಗುತ್ತಿದ್ದ ಒಳಕೋಣೆಯ ಮಂಚದ ಮೇಲೆ ಬಿದ್ದುಕೊಂಡಳು. ಮಾತ್ರೆ ತೆಗೆದುಕೊಳ್ಳಲಿಲ್ಲ. ವಾಚ್‌ಮನ್ ಬಂದು ಬಾಗಿಲು ತಟ್ಟಿ, ಆಸ್ಪತ್ರೆಗೆ ಆಟೋ ತರಲಾ ಎಂದರೆ ಬೇಡ ಎಂದಳು. ಅವಳು ಸಾಯಬೇಕೆಂದುಕೊಂಡಿದ್ದಳು ಎಂದು ನಾನು ಬರೆಯಲಾರೆ. ಅವಳು ಹಾಗೆ ಹೇಳಲಿಲ್ಲ. "ಬರಲಿ, ನೋಡೋಣ ಅನ್ನಿಸ್ತು," ಎಂದಳಷ್ಟೇ.

ಬಂತು. ಒಂದು ರಾತ್ರಿ ಮೈ ಕೆಂಡವಾಯಿತು. ಹಲ್ಲು ಕಟಕಟಿಸಿತು. ಅವಳು ಹೊದಿಕೆ ಕಿತ್ತೆಸೆದು ಕಾದಳು. ಬೆಳಿಗ್ಗೆ ಬೆವರಿ ಹಾಸಿಗೆಯೆಲ್ಲ ಒದ್ದೆಯಾಗಿತ್ತು. ಮೈ ತಣ್ಣಗಿತ್ತು. ಉಸಿರು ಸರಾಗವಾಗಿ ಆಡುತ್ತಿತ್ತು.

ಅದು ಅದೇ ಬ್ಯಾಕ್ಟೀರಿಯಾವೋ, ಬರೀ ನೆಗಡಿ ಜ್ವರವೋ ಯಾರೂ ಪರೀಕ್ಷೆ ಮಾಡಲಿಲ್ಲ. ಆದ್ದರಿಂದ ನನಗೆ ಗೊತ್ತಿಲ್ಲ. ಗೊತ್ತಿದ್ದದ್ದು ಇಷ್ಟು: ಅವಳ ಮೂಳೆಗಳೊಳಗೆ, ಎಷ್ಟೋ ವರ್ಷಗಳ ಹಿಂದೆ ಕಲಿತದ್ದನ್ನು ಮರೆಯದ ಕೋಶಗಳು ಕೂತಿದ್ದವು. ಯಾರೂ ಹೇಳದೆ, ಅವಳನ್ನೂ ಒಂದು ಮಾತು ಕೇಳದೆ, ರಾತ್ರಿಯೆಲ್ಲ ಕೆಲಸ ಮಾಡಿದ್ದವು.

"ಇಲ್ಲಿ ಏನು ಬರೀಲಿ?" ಎಂದು ಕೇಳಿದೆ. "ಬದುಕು ಮುಂದುವರಿಯಿತು ಅಂತ ಬರೀಲಾ?"

ಅಕ್ಕ ಗೋಡೆಯ ಕಡೆ ತಿರುಗಿ ಮಲಗಿದ್ದಳು.

"ನಿಮ್ಮನ್ನು ನೀವು ಕ್ಷಮಿಸಿಕೊಂಡಿರಿ ಅಂತ?"

ಅವಳು ಒದ್ದೆ ಚಾದರವನ್ನು ಕಾಲಿನಿಂದ ಆಚೆ ತಳ್ಳಿದಳು.

"ಕ್ಷಮಿಸಿಕೊಳ್ಳಲಿಲ್ಲ ಅಂತ ಬೇಕಾದರೆ—"

"ಹಸಿವಾಗ್ತಾ ಇದೆ," ಅಂದಳು. ಅದನ್ನು ಯಾರ ಮೇಲೋ ಸಿಟ್ಟಾದವಳಂತೆ ಅಂದಳು. "ನಾಚಿಕೆ ಇಲ್ಲದ ಮೈ. ನೋಡಿ, ಹಸಿವಾಗ್ತಾ ಇದೆ ಇದಕ್ಕೆ."

ಎದ್ದಳು. ಅಡುಗೆಮನೆಗೆ ಹೋದಳು. ನಾನು ಹಿಂದೆ ಹೋಗಬೇಕೋ ಬೇಡವೋ ತಿಳಿಯದೆ ಹೊಸಿಲಲ್ಲಿ ನಿಂತೆ. ನಿನ್ನೆ ಮೊನ್ನೆಯ ಒಣಗಿದ ಬ್ರೆಡ್ ಇತ್ತು. ಅವಳು ದೀಪ ಹಾಕದೆ, ತಟ್ಟೆ ತೆಗೆದುಕೊಳ್ಳದೆ, ನಿಂತಲ್ಲೇ ಅದನ್ನು ಮುರಿದು ತಿನ್ನತೊಡಗಿದಳು. ಅಳುತ್ತಿದ್ದಳೇ ಎಂದು ನೀವು ಕೇಳಬಹುದು. ನನಗೆ ಬೆನ್ನು ಮಾತ್ರ ಕಾಣುತ್ತಿತ್ತು. ಒಂದು ತುಂಡು ತಿಂದಳು, ಇನ್ನೊಂದು ಮುರಿದಳು, ಅದನ್ನೂ ತಿಂದಳು, ಮತ್ತೆ ಇನ್ನೊಂದು ಮುರಿದಳು.